ಒಂದು ಪುಸ್ತಕಕ್ಕೆ ಒಂದು ಎಲೆ

ಹೊದಿಕೆ ಕೊಡವಿದ ಕೂಡಲೇ ಒಳಗಿನಿಂದ ದಪ್ಪನೆಯ ಪುಸ್ತಕವೊಂದು ಜಾರಿ ತಾಯಿಯ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. ಕುಂಟುತ್ತಲೇ ಓಡಿ ಉರಿ ತಗ್ಗಿಸಿ ಬರುವಷ್ಟರಲ್ಲಿ ಮಗಳು ಪುಸ್ತಕವನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಗೋಡೆಗೆ ಅಂಟಿಕೊಂಡಿದ್ದಳು.

"ಕದ್ದಿದ್ದಲ್ಲಮ್ಮ. ಟೀಚರೇ ಕೊಟ್ಟಿದ್ದು."

"ಕದ್ದೆ ಅಂತ ಯಾರಂದ್ರು? ಇದನ್ನ ಹಿಡ್ಕೊಂಡು ಕೂತಿದ್ಯಾ? ಅದಕ್ಕೇ ಈ ವಾರ ಒಂದೂ ಎಲೆ ಬಂದಿಲ್ಲ!"

ಮೂರನೇ ತರಗತಿಯ ಗೋಡೆಯ ಮೇಲೆ ಕಾಗದದ ಮರವೊಂದಿತ್ತು. ಮಕ್ಕಳಿಗೆ ಓದಿನ ರುಚಿ ಹತ್ತಲಿ ಎಂದು ಟೀಚರ್ ಮಾಡಿದ ಉಪಾಯ ಅದು. ಒಂದು ಪುಸ್ತಕ ಓದಿ, ಎಲ್ಲರೆದುರು ಕಥೆ ಹೇಳಿದವರ ಕೊಂಬೆಗೆ ಒಂದು ಹಸಿರೆಲೆ. ಮಗಳ ಕೊಂಬೆಯೇ ಎಲ್ಲಕ್ಕಿಂತ ದಟ್ಟ. ಪುಟಕ್ಕೊಂದು ಸಾಲಿರುವ ತೆಳು ಪುಸ್ತಕಗಳನ್ನೇ ಆರಿಸಿಕೋ ಎಂದು ಹೇಳಿಕೊಟ್ಟವಳು ತಾಯಿ. ರವಿಕೆ ಹೊಲಿಸಲು ಬಂದವರ ಅಳತೆ ತೆಗೆಯುತ್ತಾ, "ನಮ್ಮವಳು ಪುಸ್ತಕದ ಹುಳ" ಎಂದು ಹೇಳಿಕೊಂಡವಳೂ ಅವಳೇ. ಇವತ್ತು ಮರ ನೋಡಲು ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಬರುವವರಿದ್ದರು. ಅವರೆದುರು ಕಥೆ ಹೇಳಲು ಮಗಳನ್ನೇ ಆರಿಸಿದ್ದ ಟೀಚರ್, ತಾಯಿಯನ್ನೂ ಬರಹೇಳಿದ್ದರು. ಮಕ್ಕಳ ಬಳಿ ಇದ್ದ ಪುಸ್ತಕಗಳೆಲ್ಲ ಇವತ್ತೇ ಕಪಾಟಿಗೆ ಮರಳಬೇಕಿತ್ತು.

"ಮುಗೀತಾ?"

ಮಗಳು ಇಲ್ಲವೆಂದು ತಲೆಯಾಡಿಸಿದಳು. ಪುಸ್ತಕದ ಅರ್ಧದಲ್ಲಿ ಕೆಂಪು ದಾರದ ಎಳೆಯೊಂದು ಇಣುಕುತ್ತಿತ್ತು.

ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತಿದಳು. "ಎಲೆ ತೋರಿಸಿ ಓದಿಸೋಕೆ ಇವಳೇನು ಮೇಕೆನಾ?"

"ನೀವು ಸುಮ್ನಿರಿ ಅತ್ತೆ." ತಾಯಿ ಮಗಳನ್ನು ಎಳೆದು ಕೂರಿಸಿ ಜಡೆ ಹೆಣೆಯತೊಡಗಿದಳು. "ನೋಡು ಪುಟ್ಟಿ, ಕೊನೇ ಪುಟ ಓದ್ಕೊಂಡ್ಬಿಡು. ಶುರು ಗೊತ್ತಿದೆ, ಕೊನೆ ಗೊತ್ತಾಗತ್ತೆ. ಮಧ್ಯದ್ದು ಯಾರು ಕೇಳ್ತಾರೆ?"

"ಬೇಡಮ್ಮ. ಆ ಹುಡುಗಿ ಇನ್ನೂ ಬಾವೀಲೇ ಇದಾಳೆ. ಕೂಗಿದ್ರೂ ಮೇಲಿರೋರಿಗೆ ಕೇಳಿಸ್ತಿಲ್ಲ."

"ಮಕ್ಕಳ ಪುಸ್ತಕ ತಾನೇ? ಹೊರಗೆ ಬಂದೇ ಬರ್ತಾಳೆ."

ಮಗಳು ಗಕ್ಕನೆ ತಿರುಗಿದಳು. ಅರ್ಧ ಹೆಣೆದ ಜಡೆ ತಾಯಿಯ ಕೈಯಿಂದ ಬಿಚ್ಚಿಹೋಯಿತು. "ಯಾಕಮ್ಮ ಹೇಳ್ದೆ?" ಕಣ್ಣು ತುಂಬಿಕೊಂಡಿತ್ತು.

"ನಂಗೆಲ್ಲಿ ಗೊತ್ತು ಕಣೇ, ಸುಮ್ನೆ ಅಂದೆ" ಎಂದಳು ತಾಯಿ. ಆದರೆ ಗಡಿಯಾರ ಓಡುತ್ತಿತ್ತು. ಕೊನೆಯ ಪುಟ ತೆರೆದು ಮಗಳ ತೊಡೆಯ ಮೇಲಿಟ್ಟಳು. ಮಗಳು ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡಳು. ಜಡೆ ಮುಗಿಯುವವರೆಗೂ ತೆರೆಯಲಿಲ್ಲ. ಅವಳ ಭುಜದ ಮೇಲಿಂದ ಬಗ್ಗಿ ಆ ಪುಟವನ್ನು ಓದಿದವಳು ತಾಯಿ ಒಬ್ಬಳೇ.

ತರಗತಿಯಲ್ಲಿ ತಾಯಿಗೆ ಸಿಕ್ಕಿದ್ದು ಮಕ್ಕಳ ಬೆಂಚು. ಮೊಣಕಾಲು ಡೆಸ್ಕಿಗೆ ಸಿಕ್ಕಿಕೊಂಡು ಅಲುಗಾಡಲೂ ಆಗದಂತೆ ಕುಳಿತಳು. "ಇವಳೇ ಸರ್, ನಮ್ಮ ದೊಡ್ಡ ಓದುಗಿ" ಎಂದು ಟೀಚರ್ ಮಗಳನ್ನು ಮುಂದೆ ನಿಲ್ಲಿಸಿದರು. ಅವರ ಬೆರಳ ತುದಿಯಲ್ಲಿ ಅಂಟು ಹಚ್ಚಿದ ಹೊಸ ಎಲೆ ಸಿದ್ಧವಾಗಿತ್ತು.

ಮಗಳು ಪುಸ್ತಕವನ್ನು ಎದೆಗವಚಿಕೊಂಡು ಕಥೆ ಹೇಳಿದಳು. ಹುಡುಗಿ ಬಾವಿಗೆ ಬಗ್ಗಿದಳು, ಕಲ್ಲು ಜಾರಿತು, ಮೇಲೆ ಕಾಣುವ ಆಕಾಶ ತಟ್ಟೆಯಷ್ಟಾಯಿತು. ಇಷ್ಟು ಚೆನ್ನಾಗಿ ಅವಳು ಹೇಳಿದ್ದನ್ನು ತಾಯಿ ಕೇಳಿಯೇ ಇರಲಿಲ್ಲ. ಮಕ್ಕಳು ಉಸಿರು ಬಿಗಿಹಿಡಿದಿದ್ದರು. ಅಲ್ಲಿಗೆ ಮಗಳು ಕಥೆ ನಿಲ್ಲಿಸಿದಳು.

"ಆಮೇಲೆ?" ಎಂದರು ಅಧಿಕಾರಿ, ಕುರ್ಚಿಯಿಂದ ಮುಂದೆ ಬಾಗಿ.

ಟೀಚರ್ ಗಾಬರಿಯಿಂದ ತಾಯಿಯತ್ತ ನೋಡಿದರು. ಮಗಳೂ ನೋಡಿದಳು. ಕಥೆಯ ಕೊನೆ ತಾಯಿಯ ನಾಲಿಗೆಯ ತುದಿಯಲ್ಲಿತ್ತು. ತುಟಿಯಾಡಿಸಿದ್ದರೂ ಸಾಕಿತ್ತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ತಾನು ಹೇಳುವುದಿಲ್ಲ ಎನ್ನುವಂತೆ ತಲೆಯಾಡಿಸಿದಳು.

ಮಗಳು ಟೀಚರ್ ಕಡೆ ತಿರುಗಿದಳು.

"ಟೀಚರ್, ನಂಗೆ ಎಲೆ ಬೇಡ. ಮುಗಿಯೋವರೆಗೂ ಈ ಪುಸ್ತಕ ನಾನೇ ಇಟ್ಕೊಳ್ಲಾ?"