ಸವೆದ ಪಟ್ಟಿ

ಹಿನ್ನೀರಿನ ದಡದವರಿಗೆಲ್ಲ ಅವಳು ಬಲೆಯಕ್ಕ. ಅಲ್ಲಿ ನೀರಿಗಿಳಿಯುವ ಬಲೆಗಳಲ್ಲಿ ಮುಕ್ಕಾಲು ಪಾಲು ಅವಳು ಹೆಣೆದವು, ಉಳಿದವು ಅವಳು ಹೊಲಿದವು. ಮೀನು ಸಣ್ಣದಾಗುತ್ತ ಬಂದು ಕೊನೆಗೆ ಬುಟ್ಟಿ ತುಂಬ ಮರಿಗಳೇ ಬರತೊಡಗಿದಾಗ ಮೀನುಗಾರರ ಸಂಘದ ಸಭೆಯಲ್ಲಿ ಎದ್ದು ನಿಂತವಳೂ ಅವಳೇ. ಮರಿ ಬೆಳೆದು ಒಮ್ಮೆಯಾದರೂ ಮೊಟ್ಟೆಯಿಡಬೇಕು, ಮೂರು ಬೆರಳು ಸಲೀಸಾಗಿ ತೂರದ ಕಣ್ಣಿನ ಬಲೆ ಇನ್ನು ನೀರಿಗಿಳಿಯಬಾರದು ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು. ಅಲ್ಲಿ ಹೂಂ ಎಂದವರೇ ಮರುದಿನ ಹಳೆಯ ಬಲೆ ಹೊತ್ತು ಹೊರಟರು. ಸರಿ, ಅಂಥವರ ಬಲೆ ಹರಿದರೆ ಅವಳು ಸೂಜಿ ಮುಟ್ಟುತ್ತಿರಲಿಲ್ಲ.

ಆ ಬೆಳಿಗ್ಗೆ ಮೈದುನ ಹರಿದ ಬಲೆಯೊಂದನ್ನು ತಂದು ಅವಳ ಮುಂದೆ ಹಾಕಿದ. ಅವಳು ಅದರ ಕಣ್ಣಿಗೆ ಮೂರು ಬೆರಳು ತೂರಿಸಿದಳು. ಸಿಕ್ಕಿಕೊಂಡವು.

"ತಗೊಂಡ್ಹೋಗು. ಹೊಲಿಯಲ್ಲ."

"ಗಂಟು ನೋಡಿ ಅತ್ತಿಗೆ. ಹೋದ ವರ್ಷ ನೀವೇ ಹೆಣೆದುಕೊಟ್ಟದ್ದು."

"ಬುರುಡೆ ಬಿಡಬೇಡ."

"ಹಾಗಾದ್ರೆ ಅದೇ ಬೆರಳು ಅದಕ್ಕೂ ಹಾಕಿ," ಎಂದ, ಅವಳ ಮಡಿಲಿನತ್ತ ಗದ್ದ ಎತ್ತಿ.

ಮಡಿಲಲ್ಲಿದ್ದದ್ದು ಗಂಡನಿಗೆಂದು ಮಳೆಗಾಲವಿಡೀ ಹೆಣೆದ ಹೊಸ ಬಲೆ. ನಾಳೆ ಅದು ನೀರಿಗಿಳಿದರೇ ಮನೆಯ ಖರ್ಚು ನಡೆಯುವುದು. ಅವಳು ಮೂಗು ಮುರಿಯುತ್ತಲೇ ಬೆರಳು ಹಾಕಿದಳು. ಅಲ್ಲೂ ಸಿಕ್ಕಿಕೊಂಡವು.

ಅಳತೆಯ ಮರದ ಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಅತ್ತೆ ಕೊಟ್ಟ ಪಟ್ಟಿ. ಒಂದೊಂದು ಕಣ್ಣಿಗೂ ಅದರ ಸುತ್ತ ನೂಲು ತಂದು, ಎಳೆದು, ಗಂಟು ಹಾಕುವುದು. ಹಾಗೆ ಎಳೆದೆಳೆದು ನೂಲು ಮರವನ್ನೇ ತಿಂದಿತ್ತು, ಪಟ್ಟಿ ಸವೆದಷ್ಟೂ ಕಣ್ಣು ಕಿರಿದಾಗಿತ್ತು. ಊರವರ ಬಲೆಗೆಲ್ಲ ಬೆರಳು ಹಾಕಿದವಳು ತನ್ನ ಬಲೆಗೆ ಹಾಕಿರಲಿಲ್ಲ. ಪಟ್ಟಿಯಿದೆಯಲ್ಲ ಎಂಬ ಧೈರ್ಯ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ನಂದೂ ಹೊಲಿದುಕೊಡಿ," ಎಂದ ಮೈದುನ. "ನಾನು ತುಟಿ ಪಿಟಕ್ಕೆನ್ನಲ್ಲ."

ಪಕ್ಕದಲ್ಲಿ ಕೂತು ಹೊಸ ಬಲೆಯ ಅಂಚಿನ ಹಗ್ಗಕ್ಕೆ ತೇಲುಗುಂಡು ಕಟ್ಟುತ್ತಿದ್ದ ಗಂಡ ಮೆಲ್ಲಗೆ ಹೇಳಿದ, "ಈ ಸಲ ಹೀಗೇ ಇಳಿಸೋಣ ಕಣೇ. ಮುಂದಿನದನ್ನ ಸರಿಯಾಗಿ ಹೆಣಿ."

ಅವಳು ಪಟ್ಟಿಯನ್ನು ಲಟಕ್ಕನೆ ಮುರಿದು ಒಲೆಗೆ ಎಸೆದಳು. ಕತ್ತರಿ ಎತ್ತಿಕೊಂಡಳು.

"ರೀ, ಹಗ್ಗ ಬಿಗಿಯಾಗಿ ಹಿಡ್ಕೊಳ್ಳಿ. ಹಗ್ಗ, ಗುಂಡು ಉಳೀಲಿ, ಬಲೆ ಹೋಗ್ಲಿ."

"ನಾಳೆಗೇನು ಮಾಡೋದು?"

"ಗಾಳ ಹಾಕಿ."

ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಕತ್ತರಿ ಮಾತ್ರ ನಿಲ್ಲಲಿಲ್ಲ. ಮೈದುನ ಇಂಗು ತಿಂದ ಮಂಗನಂತೆ ನೋಡುತ್ತ ನಿಂತ. ಆಮೇಲೆ ತನ್ನ ಬಲೆ ಎತ್ತಿಕೊಳ್ಳಲು ಬಗ್ಗಿದ.

"ಅದನ್ನ ಇಲ್ಲೇ ಬಿಡು," ಎಂದಳು. "ನನ್ನ ಕೈಯ ಬಲೆ ಯಾರ್ಯಾರ ಹತ್ರ ಇದೆಯೋ ಎಲ್ಲರಿಗೂ ಹೇಳು, ತಂದುಹಾಕ್ಲಿ. ಹೊಸದು ಹೆಣೆದುಕೊಡೋದು ನನ್ನ ಹೊಣೆ."

"ಊರಿಗೆಲ್ಲ? ಯಾವ ಕಾಲಕ್ಕೆ ಮುಗಿಯುತ್ತೆ ಅತ್ತಿಗೆ?"

"ಅಲ್ಲೀವರೆಗೆ ಮರಿಗಳು ಬೆಳೀಲಿ."

ಅವನು ಅವಳೆದುರು ಚಕ್ಕಳಮಕ್ಕಳ ಹಾಕಿ ಕೂತು ತನ್ನ ಬಲೆಯನ್ನು ಮಡಿಲಿಗೆ ಎಳೆದುಕೊಂಡ.

"ಇನ್ನೊಂದು ಕತ್ತರಿ ಇದೆಯಾ?"