ಮುಡಿ ಕೊಟ್ಟ ಸುಳ್ಳು

ಬೆಳಿಗ್ಗೆ ತಾಯಿಯ ಹಣೆ ಮುಟ್ಟಿದ ನವ್ಯಶ್ರೀ ಕೈ ಹಿಂದಕ್ಕೆಳೆದುಕೊಂಡಳು. ಕಾದ ಹೆಂಚಿನ ಹಾಗಿತ್ತು.

"ಅಮ್ಮಾ, ಜ್ವರ ಬಂದೈತೆ. ಆಸ್ಪತ್ರೆಗೆ ಫೋನ್ ಮಾಡ್ತೀನಿ."

"ಮೆತ್ತಗೆ ಮಾತಾಡೇ. ಆ ಗೋಡೆಗೆ ಕಿವಿ ಐತೆ," ಎಂದಳು ಲಕ್ಷ್ಮೀದೇವಮ್ಮ. ಹಲ್ಲು ಕಟಕಟ ಎನ್ನುತ್ತಿದ್ದವು.

ಗೋಡೆಯಾಚೆ ಅನುಸೂಯಮ್ಮನ ಮನೆ. ನವ್ಯಶ್ರೀಗೆ ನೋಡಿದ್ದ ಬೂದಿಗೆರೆಯ ಗಂಡಿಗೆ ಆಕೆ ಸ್ವಂತ ಸೋದರತ್ತೆ. ಸಂಬಂಧ ತಂದವಳೂ ಆಕೆಯೇ. ತಾಂಬೂಲ ಬದಲಾಯಿಸುವುದೊಂದು ಬಾಕಿ ಇರುವಾಗ ಲಕ್ಷ್ಮೀದೇವಮ್ಮನ ಎದೆಯಲ್ಲಿ ಗಂಟು ಕಾಣಿಸಿತು. ಬೆಂಗಳೂರಿನ ಆಸ್ಪತ್ರೆಯವರು ಕ್ಯಾನ್ಸರ್ ಎಂದರು. ತಾಯಿಗೆ ಬಂದದ್ದು ಮಗಳಿಗೂ ಬರುತ್ತದೆ ಎಂದು ಯಾರಾದರೂ ಬಾಯಿಬಿಟ್ಟರೆ ಮದುವೆ ಅಲ್ಲಿಗೆ ಮುಗಿಯಿತು. ಆ ಹೆಸರು ಹೊಸಿಲು ದಾಟಕೂಡದೆಂದು ಲಕ್ಷ್ಮೀದೇವಮ್ಮ ಗಂಡನಿಂದಲೂ ಮಗಳಿಂದಲೂ ದೀಪ ಮುಟ್ಟಿಸಿ ಮಾತು ತೆಗೆದುಕೊಂಡಳು.

ಕೀಮೋ ಶುರುವಾಗಿ ಕೂದಲು ಬಾಚಣಿಗೆಗೆ ಹಿಡಿಹಿಡಿಯಾಗಿ ಬಂದಾಗ ದಾರಿ ಹುಡುಕಿದವಳೂ ಅವಳೇ. ಬೋಳಿಸಿಕೊಂಡು, ತಿರುಪತಿಯಲ್ಲಿ ಮುಡಿ ಕೊಟ್ಟು ಬಂದೆ ಎಂದಳು. ಬೇಕರಿಯಿಂದ ಲಾಡು ತರಿಸಿ, ಪುಡಿ ಮಾಡಿ, ಮೇಲೆ ತುಳಸಿಯೆಲೆ ಇಟ್ಟು ಬೀದಿಗೆಲ್ಲ ಹಂಚಿದಳು. ಅನುಸೂಯಮ್ಮ ಕಣ್ಣಿಗೊತ್ತಿಕೊಂಡು ತಿಂದು, "ಈ ಸಲ ದ್ರಾಕ್ಷಿ ಕಮ್ಮಿ ಹಾಕವ್ರೆ ಕಣಕ್ಕಾ," ಎಂದಿದ್ದಳು.

ಆಸ್ಪತ್ರೆಯ ಸಿಸ್ಟರ್ ಪವಿತ್ರ ಮೊದಲೇ ಎಚ್ಚರಿಸಿದ್ದರು. ಜ್ವರ ಬಂದರೆ ಮಾತ್ರೆ ನುಂಗಿಸಿ ಕಾಯಬೇಡಿ, ಕೂಡಲೇ ಫೋನ್ ಮಾಡಿ. ನಿಮ್ಮ ಊರಿನ ಡಾಕ್ಟರಿಗೂ ವಿಷಯ ತಿಳಿಸಿರಿ. ಇದು ಒಬ್ಬರ ಕೈಲಿ ಆಗುವ ಕೆಲಸವಲ್ಲ. ನವ್ಯಶ್ರೀ ಎಲ್ಲದಕ್ಕೂ ತಲೆಯಾಡಿಸಿ ಬಂದಿದ್ದಳು. ಊರಿನ ಡಾಕ್ಟರಿಗೆ ಹೇಳಲು ತಾಯಿ ಬಿಡಲಿಲ್ಲ. ಸಿಸ್ಟರ್ ನಂಬರನ್ನು ಕೂಡ ಫೋನಿನಲ್ಲಿ 'ಜರಿ ಅಂಗಡಿ' ಎಂದು ಹಾಕಿಸಿದ್ದಳು.

"ಇದು ಆ ಕಾಯಿಲೆ ಜ್ವರ ಅಲ್ಲ," ಎಂದಳು ಲಕ್ಷ್ಮೀದೇವಮ್ಮ. "ತಿಮ್ಮಪ್ಪನ ಹೆಸರಲ್ಲಿ ಬೇಕರಿ ಲಾಡು ಹಂಚಿದ್ನಲ್ಲ, ಅವನು ಕೊಟ್ಟಿರೋದು. ಫೋನ್ ಬೇಡ. ತಪ್ಪು ಕಾಣಿಕೆ ಕಟ್ಟು, ಹೋಗುತ್ತೆ."

ನೇಯ್ದ ಸೀರೆ ಕೊಡಲು ಬೆಂಗಳೂರಿಗೆ ಹೋಗಿದ್ದ ತಂದೆ ಫೋನ್ ಎತ್ತಲಿಲ್ಲ. ನವ್ಯಶ್ರೀ ಅರಿಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಮುಂದೆ ಇಟ್ಟ ಮೇಲೆಯೇ ತಾಯಿ ಎದ್ದದ್ದು, ಅದೂ ಬೀದಿಯ ಕೊನೆಯ ಕ್ಲಿನಿಕ್ಕಿನವರೆಗೆ ಮಾತ್ರ.

ಬೆಂಚಿನ ತುಂಬ ಜನ. ನಡುವೆ ಮಂಡಿನೋವಿನ ಅನುಸೂಯಮ್ಮ. ನವ್ಯಶ್ರೀ ಬಾಗಿಲಲ್ಲೇ ನಿಂತಳು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಮನೆಯ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲು ಕೂತವಳು. ಮಗ್ಗಗಳ ಸದ್ದಿನಲ್ಲಿ ಮಾತಾಡುವ ಅಗತ್ಯವೇ ಬೀಳದೆ ಬೆಳೆದವಳು. ನಾಲ್ಕು ಜನರ ಮುಂದೆ ಅವಳಿಗೆ ಮಾತು ಹೊರಡುತ್ತಿರಲಿಲ್ಲ.

"ಏನಮ್ಮಾ, ತಿರುಪತಿ ರಶ್ಶಲ್ಲಿ ವೈರಲ್ ತಂದ್ಕೊಂಡ್ರಾ?" ಪರದೆಯೊಳಗೆ ಕೂರಿಸಿಕೊಂಡು ಕೇಳಿದರು ಡಾಕ್ಟರ್ ಅನಿಲ್‌ಕುಮಾರ್.

"ಬೋಳು ತಲೆಗೆ ತಣ್ಣೀರು ಸುರ್ಕೋಬೇಡ ಅಂದೆ ಡಾಕ್ಟ್ರೇ. ಮಾತು ಕೇಳೋ ಜಾತಿ ಅಲ್ಲ ಇದು," ಪರದೆಯ ಆಚೆಯಿಂದ ಅನುಸೂಯಮ್ಮ ಹೇಳಿದಳು. ಬೆಂಚು ನಕ್ಕಿತು.

"ಒಂದು ಇಂಜೆಕ್ಷನ್ ಹಾಕ್ತೀನಿ, ಸಂಜೆಗೆ ಇಳಿಯುತ್ತೆ."

ನವ್ಯಶ್ರೀ ತಾಯಿಯ ಉಗುರು ನೋಡಿದಳು. ನೀಲಿಗಟ್ಟುತ್ತಿದ್ದವು. ಉಸಿರು ಓಡಿಬಂದವರದಂತಿತ್ತು. ಸೂಜಿ ಚುಚ್ಚಿದರೆ ಜ್ವರ ಇಳಿದೀತು, ಎಲ್ಲರೂ ಸುಮ್ಮನಾದಾರು. ಒಳಗೆ ನಡೆಯುವುದು ನಿಂತೀತೆ? ಬಾಯಿ ತೆರೆಯುವ ಮೊದಲೇ ಲಕ್ಷ್ಮೀದೇವಮ್ಮ ಅವಳ ಮಣಿಕಟ್ಟಿಗೆ ಉಗುರೂರಿದಳು.

"ಬೇಡ ಸಾರ್..."

"ಏನು? ಗಟ್ಟಿಯಾಗಿ ಹೇಳು."

ಗಟ್ಟಿಯಾಗಿ ಹೇಳಿದಳು. "ಅಮ್ಮ ತಿರುಪತಿಗೆ ಹೋಗಿಲ್ಲ ಸಾರ್. ಕ್ಯಾನ್ಸರ್ ಐತೆ. ಹೋದ ವಾರ ಕೀಮೋ ಕೊಟ್ಟವ್ರೆ."

ಡಾಕ್ಟರ್ ಸಿರಿಂಜನ್ನು ತಟ್ಟೆಗಿಟ್ಟರು. ಅವರ ಮುಖ ಬದಲಾದದ್ದನ್ನು ನವ್ಯಶ್ರೀ ಕಂಡಳು. ಅಲ್ಲಿಯವರೆಗೆ ತಾನೊಬ್ಬಳೇ ಹೆದರಿದ್ದೇನೆಂದುಕೊಂಡಿದ್ದಳು.

"ಕೀಮೋ ಕೊಟ್ಟವರ ನಂಬರ್ ಇದೆಯಾ?"

'ಜರಿ ಅಂಗಡಿ' ತೆಗೆದು ಕೊಟ್ಟಳು. ಅವರು ನಗಲಿಲ್ಲ. ಸಿಸ್ಟರ್ ಜೊತೆ ಚುಟುಕಾಗಿ ಮಾತಾಡಿ, ಆಂಬುಲೆನ್ಸಿಗೆ ಹೇಳಿ, ತಾವೇ ಡ್ರಿಪ್ ಹಾಕಿದರು.

"ಬಿಳಿ ರಕ್ತಕಣ ಕಮ್ಮಿಯಾಗಿ ಸೋಂಕು ಹತ್ತಿರಬಹುದು. ಅಲ್ಲಿ ಬೆಡ್ ಹಿಡಿದಿಡ್ತಾರೆ. ದಾರೀಲಿ ನಾನು ಫೋನ್ ಮಾಡ್ತಿರ್ತೀನಿ, ಎತ್ತು. ವಾಪಸ್ ಬಂದ್ಮೇಲೆ ರಕ್ತ ಪರೀಕ್ಷೆ ಇಲ್ಲೇ ಮಾಡೋಣ. ಆ ಸಿಸ್ಟರು, ನಾನು, ನೀನು, ಮೂರು ಜನಕ್ಕೂ ಎಲ್ಲಾ ಗೊತ್ತಿರಬೇಕು. ಆಯ್ತಾ?"

ವಾಪಸ್ ಬಂದ ಮೇಲೆ ಎಂದರಲ್ಲ. ಆ ಮಾತನ್ನೇ ಹಿಡಿದುಕೊಂಡು ಅವಳು ಪರದೆ ಸರಿಸಿದಳು.

"ಹಂಗಾದ್ರೆ ನಾನು ತಿಂದ ಲಾಡು ಯಾವುದು?" ಅನುಸೂಯಮ್ಮ ಕೇಳಿದಳು.

"ಬೇಕರೀದು, ಅತ್ತೆ."

ಅನುಸೂಯಮ್ಮ ಸೆರಗು ಹೊದ್ದು, ಮಂಡಿಗೆ ಔಷಧಿಯನ್ನೂ ತೆಗೆದುಕೊಳ್ಳದೆ ಎದ್ದು ಹೋದಳು.

ಆಂಬುಲೆನ್ಸ್ ಬೆಂಗಳೂರಿನ ದಾರಿಯಲ್ಲಿ ರಾಜಾನುಕುಂಟೆಯ ಹತ್ತಿರ ಲಾರಿಗಳ ನಡುವೆ ಸಿಕ್ಕಿಕೊಂಡಿತು. ಲಕ್ಷ್ಮೀದೇವಮ್ಮ ಆ ಕಡೆ ಮುಖ ತಿರುಗಿಸಿ ಮಲಗಿದ್ದಳು. ಕ್ಲಿನಿಕ್ಕಿನಿಂದ ಒಂದು ಮಾತೂ ಆಡಿರಲಿಲ್ಲ. ಸಿಟ್ಟೋ, ಜ್ವರವೋ, ನವ್ಯಶ್ರೀಗೆ ತಿಳಿಯಲಿಲ್ಲ. ಫೋನ್ ನಡುಗಿತು. ಬೂದಿಗೆರೆಯ ಗಂಡಿನ ಮನೆಯವರು. ಇಷ್ಟು ಬೇಗ ಸುದ್ದಿ ಮುಟ್ಟಿತೇ? ನೋಡುತ್ತಿದ್ದಂತೆ ಡಾಕ್ಟರ ಕರೆಯೂ ಬಂತು. ಬೂದಿಗೆರೆಯದನ್ನು ಕಟ್ ಮಾಡಿ ಡಾಕ್ಟರದನ್ನು ಎತ್ತಿದಳು.

"ಅಮ್ಮ ಮಾತಾಡ್ತಿದ್ದಾರಾ?"

"ಇಲ್ಲ ಸಾರ್."

"ಎಚ್ಚರ ತಪ್ಪಬಾರದು, ಮಾತಾಡಿಸು. ಏನಾದ್ರೂ ಹೇಳಿಸು."

"ಅಮ್ಮಾ." ಭುಜ ಅಲುಗಿಸಿದಳು. ಬಿಸಿ ಭುಜ ಹಾಗೇ ಅಲುಗಿ ನಿಂತಿತು. "ಅಮ್ಮಾ, ಬೂದಿಗೆರೆಯಿಂದ ಫೋನ್ ಬಂದಿತ್ತು. ಕಟ್ ಮಾಡ್ದೆ."

ಆ ಕಡೆ ತಿರುಗಿದ್ದ ಮುಖದಿಂದ ಸಣ್ಣಗೆ ಬಂತು: "ಮುಂಡೇದೇ... ನಿನ್ನ ಬಾಳಿಗೆ ನೀನೇ ಮಣ್ಣು ಹಾಕ್ಕೊಂಡೆ."

"ಬೈತಾ ಇದಾರೆ ಸಾರ್."

"ಬೈಸ್ಕೋ," ಎಂದರು ಡಾಕ್ಟರ್. "ನಿಲ್ಲಿಸೋಕೆ ಬಿಡಬೇಡ."

ನವ್ಯಶ್ರೀ ತಾಯಿಯ ಕಿವಿಯ ಹತ್ತಿರ ಬಗ್ಗಿ, ಅವಳಿಗೆ ಕೋಪ ಬರುವಂಥ ಮುಂದಿನ ಮಾತು ಯಾವುದೆಂದು ಹುಡುಕತೊಡಗಿದಳು.