ಕುಂಕುಮ ಹಚ್ಚಿದ ಸ್ಕ್ಯಾನರ್

ಅಟ್ಟದ ಮೇಲೆ ಒಣಗುವ ಕೊಬ್ಬರಿಯ ವಾಸನೆಯೆಂದರೆ ಹೊಂಬಾಳಮ್ಮನಿಗೆ ಈಗಲೂ ದುಡ್ಡಿನ ವಾಸನೆಯೇ. ಚಿಕ್ಕಂದಿನಲ್ಲಿ ಅವಳ ಅವ್ವ ನೋಟುಗಳನ್ನು ಡಬ್ಬಿಗೆ ಹಾಕಿ ಕಾಯಿಗಳ ನಡುವೆ ಹುದುಗಿಸಿಡುತ್ತಿದ್ದಳು. ಹೊರಗೆ ತೆಗೆದರೆ ಘಮ್ಮೆನ್ನುತ್ತಿದ್ದವು. ಈಗ ಶೆಟ್ಟಿಕೆರೆ ಬಸ್‌ಸ್ಟಾಪಿನ ಅವಳ ಇಡ್ಲಿ ಅಂಗಡಿಗೆ ಬರುವ ದುಡ್ಡಿಗೆ ವಾಸನೆಯೂ ಇಲ್ಲ, ಸದ್ದೂ ಇಲ್ಲ. "ಹಾಕಿದೀನಿ ಕಣಮ್ಮೋ" ಎಂದು ಗಿರಾಕಿಗಳು ಫೋನು ಎತ್ತಿ ತೋರಿಸುತ್ತಾರೆ, ಇವಳು ತಲೆಯಾಡಿಸುತ್ತಾಳೆ. ಅರ್ಧ ಜನ ಕೈಗೇ ಕಾಸು ಕೊಡುತ್ತಿದ್ದರಿಂದ ಅಕ್ಕಿ, ಉದ್ದಿಗೆ ತೊಂದರೆಯಿರಲಿಲ್ಲ. ಖಾತೆಯಲ್ಲಿ ಎಷ್ಟಿದೆಯೆಂದು ಅವಳು ನೋಡಿಸಿಯೇ ಇರಲಿಲ್ಲ.

ಆದರೂ ಲಕ್ಷ್ಮಿ ಲಕ್ಷ್ಮಿಯೇ. ಬ್ಯಾಂಕಿನವರು ಕೊಟ್ಟ ಸ್ಕ್ಯಾನರ್ ಬೋರ್ಡಿಗೆ ಪ್ರತಿ ಶುಕ್ರವಾರ ಅರಿಶಿನ, ಕುಂಕುಮ, ಒಂದು ಸೇವಂತಿಗೆ ಹೂವು.

ಇವತ್ತು ಬ್ಯಾಂಕಿನಿಂದ ಸುನಂದಾ ಬಂದಿದ್ದಳು. ಒರಳಲ್ಲಿ ರುಬ್ಬಿ ರುಬ್ಬಿ ರಟ್ಟೆ ಬಿದ್ದುಹೋಗಿದ್ದ ಹೊಂಬಾಳಮ್ಮ ದೊಡ್ಡ ಗ್ರೈಂಡರಿಗೆಂದು ಸಾಲ ಕೇಳಿದ್ದಳು. ಅಡವಿಡಲು ತೋಟವಿಲ್ಲ, ಒಡವೆಯಿಲ್ಲ. ಆರು ತಿಂಗಳು ಬಿಡದೆ ಖಾತೆಗೆ ವ್ಯಾಪಾರದ ಹಣ ಬಂದಿದ್ದರೆ ಸಾಕು ಎಂದಿದ್ದರು.

"ಒಂದು ರೂಪಾಯಿ ಹಾಕಿ ನೋಡ್ತೀನಮ್ಮ" ಎಂದು ಸುನಂದಾ ಬೋರ್ಡಿಗೆ ಫೋನು ಹಿಡಿದಳು. ಹತ್ತಿರದಿಂದ, ದೂರದಿಂದ, ಓರೆಯಾಗಿ. ಊಹೂಂ. ಚೌಕದ ಮೂಲೆಮೂಲೆಯಲ್ಲೂ ಕುಂಕುಮ ಗಟ್ಟಿಯಾಗಿ ಕೂತಿತ್ತು.

"ಎಷ್ಟು ದಿನದಿಂದ ಈ ಪೂಜೆ?"

"ಬೋರ್ಡು ಬಂದು ಆರು ತಿಂಗ್ಳಾಯ್ತಲ್ಲ, ಅವಾಗಿಂದ್ಲೂ ಕಣವ್ವ."

"ಅಯ್ಯೋ! ಇದ್ರಲ್ಲಿ ಒಂದು ಪೈಸಾನೂ ಬಂದಿರಕ್ಕಿಲ್ಲಮ್ಮ."

ಹೊಂಬಾಳಮ್ಮನ ಕೈಯ ಸೌಟು ಅಲ್ಲೇ ನಿಂತಿತು. ಆರು ತಿಂಗಳ ಇಡ್ಲಿ ಗಾಳಿಗೆ ಹೋಯಿತೇ? ಗ್ರೈಂಡರೂ ಹೋಯಿತೇ? 'ಹಾಕಿದೀನಿ' ಎಂದ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಯಾರ ಮೇಲೂ ಸಿಟ್ಟು ಹುಟ್ಟಲಿಲ್ಲ.

ಬೆಂಚಿನ ಮೇಲೆ ಕೂತು ಇಡ್ಲಿ ಮುರಿಯುತ್ತಿದ್ದ ಕುರಿ ಕಾಯುವ ಕ್ಯಾತಣ್ಣ ಗಂಟಲು ಸರಿಮಾಡಿಕೊಂಡ. "ಮೇಡಮ್ಮೋರೇ, ಅದಕ್ಯಾಕೆ ಹಿಡೀತೀರಾ? ಕಂಬದ ಹಿಂದೆ ನೋಡ್ರಿ."

ಗಿರಾಕಿಗಳು ಕೈತೊಳೆಯುವ ಕಡೆ, ಒಲೆಯ ಮುಂದೆ ನಿಂತವರಿಗೆ ಕಾಣದಂತೆ, ಖಾತೆಗೆ ಸೇರಿಸಿದ್ದ ಹೊಂಬಾಳಮ್ಮನ ಫೋನ್ ನಂಬರು ಇದ್ದಿಲಲ್ಲಿ ದಪ್ಪಗೆ ಬರೆದಿತ್ತು. ಮಳೆಗೆ ಮಾಸಿದಾಗಲೆಲ್ಲ ಯಾರೋ ಮತ್ತೆ ತಿದ್ದಿದ್ದರು.

"ಎಲ್ರೂ ಆ ನಂಬರ್ಗೇ ಹಾಕಾದು."

"ಕುಂಕುಮ ಒರೆಸಿದ್ರೆ ಆಗ್ತಿತ್ತಲ್ಲ, ಮಾರಾಯ್ರೇ?"

"ಪೂಜೆ ಮಾಡಿರದ್ನ ಎಂಜಲು ಕೈಲಿ ಒರ್ಸಾಕಾಯ್ತದಾ? ಹೇಳಿದ್ರೆ ಅವ್ವ ನೊಂದ್ಕತಾಳೆ ಅಂತ ಸುಮ್ಕೆ ಬುಟ್ವಿ."

ಸುನಂದಾ ಫೋನಿನಲ್ಲಿ ಖಾತೆಯ ಲೆಕ್ಕ ತೆಗೆದು ನೋಡಿದಳು. ಮೂವತ್ತು, ನಲವತ್ತು, ಇಪ್ಪತ್ತು. ಪುಟ ಸರಿಸಿದಷ್ಟೂ ಇತ್ತು.

"ಒಂದು ದಿನಾನೂ ತಪ್ಪಿಲ್ಲಮ್ಮ! ಸಾಲಕ್ಕೆ ಇವತ್ತೇ ಬರೆದು ಕಳಿಸ್ತೀನಿ. ಕುಂಕುಮ ಮಾತ್ರ ಇನ್ಮೇಲೆ ಅಂಚಿಗೆ ಇಡಿ."

"ಅಂಗೇ ಆಗ್ಲಿ ತಾಯಿ" ಎಂದು ಹೊಂಬಾಳಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಯಾರೂ ಕೇಳದಿದ್ದರೂ "ಒಲೆ ಹೊಗೆ" ಎಂದಳು.

ಕ್ಯಾತಣ್ಣ ಕಂಬಳಿ ಕೊಡವಿ ಎದ್ದ. ಇನ್ನು ಸಂಜೆವರೆಗೂ ಕುರಿಯ ಹಿಂದೆಯೇ ಅವನು. ಹೊಂಬಾಳಮ್ಮ ಮುತ್ತುಗದ ಎಲೆಯಲ್ಲಿ ಐದು ಇಡ್ಲಿ, ಮೇಲೆ ಗಟ್ಟಿ ಚಟ್ನಿ ಇಟ್ಟು ಕಟ್ಟಿದಳು. ಅವನು ಫೋನು ತೆಗೆದು ಕಂಬದತ್ತ ತಿರುಗಿದ. ಅವಳು ಕಂಬಕ್ಕೆ ಅಡ್ಡ ನಿಂತು, ಪೊಟ್ಟಣವನ್ನು ಅವನ ಕೈಗಿಟ್ಟಳು.